ಚಿಗರಿಯ ಚಿತ್ರ ತೆಗೆಯುವಾಗ

ಕನಕದಾಸರ ಕಾಗಿನೆಲೆಗೆ ಬಂದವರು ಹಾಗೆಯೇ ರಾಣೆಬೆನ್ನೂರಿನತ್ತ ಹೋದರೆ, 1974ರಲ್ಲಿ ಘೋಷಿತವಾದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಸಿಗುತ್ತದೆ. ನಮ್ಮ ಕಡೆ ಈ ಮೃಗಕ್ಕೆ ಚಿಗರಿ ಎಂದೇ ಹೆಸರು. ಕ್ಯಾಮರಾ ಹಿಡಿದು ಹೊರಟವರಿಗೆ ಮೊದಲ ತೊಡಕು, ಬಯಲಿನಲ್ಲಿ ಮರೆಯೇ ಇಲ್ಲದಿರುವುದು. ನೀವು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ನೇರ ನಡೆದರೆ ಓಡುತ್ತದೆ. ಕುರಿ ಕಾಯುವವರಂತೆ ಅಡ್ಡಡ್ಡ ಸಾಗಿ, ನಿಂತು, ಕುಳಿತು ಹತ್ತಿರವಾಗಬೇಕು.

ಬೆಳಕಿನದು ಇನ್ನೊಂದು ಪೇಚು. ಬಲಿತ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ. ಬೆನ್ನಿಗೆ ಬೆಳಕು ಹೊಂದಿಸಿದರೆ ಹೊಟ್ಟೆಯ ವಿವರ ಅಳಿಸಿಹೋಗುತ್ತದೆ, ಹೊಟ್ಟೆಗೆ ಹೊಂದಿಸಿದರೆ ಬೆನ್ನು ಬರೀ ಇದ್ದಿಲ ಮುದ್ದೆ. ಬೆಳಗಿನ ಓರೆ ಬಿಸಿಲೇ ಗತಿ. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗಿ, ಎಷ್ಟು ದುಬಾರಿ ಲೆನ್ಸಿದ್ದರೂ ಚಿತ್ರ ಮಸುಕು.

ಮರಿಯ ಚಿತ್ರದ ಆಸೆ ಮಾತ್ರ ದಯವಿಟ್ಟು ಬಿಡಿ. ತಾಯಿ ಅದನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ. ನೀವು ಅಲ್ಲೇ ನಿಂತರೆ ಹಾಲೂಡಿಸಲು ಹತ್ತಿರ ಬರುವುದಿಲ್ಲ.

ಹಿನ್ನೆಲೆಯಲ್ಲಿ ನೀಲಗಿರಿ ಮರ ಬಂತೆಂದು ಬೇಸರಿಸಬೇಡಿ. ಆ ನೆಡುತೋಪು ಇಲ್ಲಿನ ಹುಲ್ಲುಗಾವಲನ್ನು ಬಹುಮಟ್ಟಿಗೆ ನುಂಗಿದೆ. ಒಂದು ಕಾಲಕ್ಕೆ ಇಲ್ಲಿದ್ದ ಎರೆಭೂತ ಹಕ್ಕಿಯ ಚಿತ್ರ ಇಂದು ಸಿಗದು. ಚಿಗರಿ ಬದುಕುತ್ತಿರುವುದು ಆ ಮರಗಳ ನಡುವೆಯೇ. ಅವೂ ಚೌಕಟ್ಟಿನಲ್ಲಿರಲಿ.