ಮನೆಯೊಳಗೊಂದು ಲವಣಸಮುದ್ರ

ನಮ್ಮ ಪುರಾಣಗಳು ಏಳು ಸಮುದ್ರಗಳನ್ನು ಹೆಸರಿಸುತ್ತವೆ. ಹಾಲಿನದೊಂದು, ಮೊಸರಿನದೊಂದು, ತುಪ್ಪದ್ದೊಂದು, ಕಬ್ಬಿನ ರಸದ್ದೊಂದು. ಆದರೆ ಮನುಷ್ಯರ ಕಣ್ಣಿಗೆ ಬಿದ್ದಿರುವುದು ಲವಣಸಮುದ್ರವೊಂದೇ. ಅದರ ಒಂದು ತುಣುಕನ್ನು ನಡುಮನೆಯಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆ ಅನೇಕರಿಗೆ ಹುಟ್ಟುವುದುಂಟು. ಮನೆಯಲ್ಲಿ ಆಗಲೇ ಗಾಜಿನ ತೊಟ್ಟಿಯಿದೆ. ಅದರಲ್ಲಿ ನಾಲ್ಕು ಗೋಲ್ಡ್ ಫಿಷ್ ಈಜಾಡುತ್ತಿವೆ. ಅದನ್ನೇ ಉಪ್ಪುನೀರಿನ ತೊಟ್ಟಿಯಾಗಿ ಮಾರ್ಪಡಿಸಬಹುದೆ? ತಿಂಗಳ ಸಂಬಳದಲ್ಲಿ ಜೀವನ ಸಾಗಿಸುವವರಿಗೆ ಇದು ಎಟುಕುವ ಮಾತೆ? ಇದೇ ಇಂದಿನ ಭಾಷಣದ ವಿಷಯ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಟುಕುತ್ತದೆ, ಆದರೆ ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬ ವಿವೇಕ ಬೇಕು. ಉಪ್ಪಿನಲ್ಲಿ ಉಳಿತಾಯ ಮಾಡಬಾರದು, ಕಾಲದಲ್ಲಿಯೂ ಮಾಡಬಾರದು. ಮಿಕ್ಕೆಲ್ಲದರಲ್ಲಿಯೂ ಮಾಡಬಹುದು.

ಸಿಹಿನೀರಿನ ಮೀನಿನ ಮೈಯೊಳಗಿನ ದ್ರವದಲ್ಲಿ ಲವಣ ಹೆಚ್ಚು, ಹೊರಗಿನ ನೀರಿನಲ್ಲಿ ಕಡಮೆ. ಆದಕಾರಣ ನೀರು ತಾನಾಗಿಯೇ ಅದರ ಮೈಯೊಳಕ್ಕೆ ಇಳಿಯುತ್ತದೆ. ಮೀನು ಅದನ್ನು ಮೂತ್ರವಾಗಿ ಹೊರಹಾಕುತ್ತಲೇ ಇರುತ್ತದೆ. ಕಡಲಿನ ಮೀನಿನ ಸ್ಥಿತಿ ಇದಕ್ಕೆ ವಿರುದ್ಧ. ಸುತ್ತಲ ಉಪ್ಪುನೀರು ಅದರ ಮೈಯ ನೀರನ್ನು ಹೀರುತ್ತದೆ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರದೂಡಿ ಬದುಕುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ಅಲ್ಲಿಯೂ ಸಲ್ಲುತ್ತದೆ. ಗೋಲ್ಡ್ ಫಿಷ್‌ಗೆ ಈ ವಿದ್ಯೆ ಬಾರದು. ಅದನ್ನು ಕಡಲ ನೀರಿಗೆ ಹಾಕುವುದೆಂದರೆ ಕೊಂದಂತೆಯೇ ಸರಿ. ಆದುದರಿಂದ ಮೊದಲ ಕೆಲಸ, ಇರುವ ಮೀನುಗಳಿಗೆ ಬೇರೆ ಮನೆ ಹುಡುಕುವುದು. ನೆರೆಹೊರೆಯವರಿಗೆ ಕೊಡಿ, ಅಂಗಡಿಗೆ ಹಿಂದಿರುಗಿಸಿ. ಊರ ಕೆರೆಗೆ ಮಾತ್ರ ಬಿಡಬೇಡಿ. ಪರದೇಶದ ಮೀನು ಕೆರೆಯಲ್ಲಿ ಬೇರೂರಿದರೆ ಅಲ್ಲಿನ ಮೀನಿಗೆ ಉಳಿಗಾಲವಿಲ್ಲದಂತಾಗಬಹುದು.

ಇನ್ನು ಉಪ್ಪಿನ ವಿಚಾರ. ಒಂದು ಲೀಟರ್ ಸಮುದ್ರಜಲದಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಹಾಗಾದರೆ ಅಡಿಗೆಮನೆಯ ಕಲ್ಲುಪ್ಪನ್ನೇ ಕರಗಿಸಿದರಾಗದೆ ಎಂದು ನೀವು ಕೇಳಬಹುದು. ಆಗದು. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳನ್ನು ನೋಡಿದವರಿಗೆ ಕಾರಣ ಹೊಳೆಯುತ್ತದೆ. ಕಡಲ ನೀರು ಬಿಸಿಲಿಗೆ ಬತ್ತುತ್ತಾ ಬಂದಂತೆ ನಾವು ಉಣ್ಣುವ ಉಪ್ಪು ಹರಳುಗಟ್ಟುತ್ತದೆ. ಕಡೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಮೊದಲಾದ ಲವಣಗಳು ನಿಂತುಬಿಡುತ್ತವೆ. ಸಮುದ್ರದ ಲವಣದಲ್ಲಿ ನೂರಕ್ಕೆ ಸುಮಾರು 85 ಪಾಲು ಅಡಿಗೆಯ ಉಪ್ಪಿನ ಅಂಶಗಳಾದ ಸೋಡಿಯಂ ಮತ್ತು ಕ್ಲೋರೈಡ್. ಉಳಿದ 15 ಪಾಲಿನಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂಗಳು ಸೇರಿವೆ. ಕಡಲ ಜೀವಿಗಳಿಗೆ ಇವೂ ಬೇಕು.

1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿದ ಚಾಲೆಂಜರ್ ಎಂಬ ಹಡಗು ತಂದ 77 ನೀರಿನ ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞನು ಪರೀಕ್ಷಿಸಿ, 1884ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಉಪ್ಪಿನ ಒಟ್ಟು ಮೊತ್ತ ಸ್ಥಳದಿಂದ ಸ್ಥಳಕ್ಕೆ ಬದಲಾದರೂ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಬಹುಮಟ್ಟಿಗೆ ಒಂದೇ ಎಂಬುದು ಸ್ಪಷ್ಟವಾಯಿತು. ಅದಕ್ಕೂ ಮೊದಲೇ, 1854ರಲ್ಲಿ, ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಲವಣಗಳನ್ನು ಅಳೆದು ಬೆರೆಸಿ ಕೃತಕ ಸಮುದ್ರಜಲವನ್ನು ಮಾಡುವ ಬಗೆಯನ್ನು ತಿಳಿಸಿದ್ದನು. ಇಂದು ಅಂಗಡಿಯಲ್ಲಿ ಪೊಟ್ಟಣವಾಗಿ ದೊರೆಯುವ ಅಕ್ವೇರಿಯಂ ಸಮುದ್ರಲವಣ ಆ ಪ್ರಯತ್ನದ ಮುಂದುವರಿಕೆ. ಇದನ್ನೇ ಕೊಳ್ಳಬೇಕು.

ಕರಾವಳಿಯವರು ಕಡಲ ನೀರನ್ನೇ ತಂದುಕೊಳ್ಳಬಹುದು. ಆದರೆ ಅಳಿವೆಯ ಬಳಿ, ಬಂದರಿನ ಬಳಿ ತುಂಬಬಾರದು. ಮಳೆಗಾಲದ ನೀರು ಬೇಡವೇ ಬೇಡ. ನದಿಗಳು ಸೇರಿ ಆಗ ಉಪ್ಪು ತೆಳುವಾಗಿರುತ್ತದೆ, ಕೆಸರೂ ಇರುತ್ತದೆ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮರಳು ಹಾಸಿ, ಮೇಲೆ ತುಸು ಜಾಗ ಬಿಟ್ಟರೆ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಬೇಕಾಗುವ ಲವಣ 1,575 ಗ್ರಾಂ. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ತೆಗೆದು ಹೊಸದನ್ನು ಹಾಕಲು ಸುಮಾರು 160 ಗ್ರಾಂ. ಅಂತೂ ಮೊದಲ ವರ್ಷಕ್ಕೆ ಹತ್ತು ಕಿಲೋ ಎಂದಿಟ್ಟುಕೊಳ್ಳಿ. ಬೇರೇನನ್ನೂ ಕೊಳ್ಳುವ ಮುನ್ನ ಅಂಗಡಿಯಲ್ಲಿ ಒಂದು ಕಿಲೋ ಬೆಲೆ ಕೇಳಿ ಹತ್ತರಿಂದ ಗುಣಿಸಿ. ಆ ಮೊತ್ತ ಮನೆಯ ಲೆಕ್ಕಕ್ಕೆ ಭಾರವೆನಿಸಿದರೆ ಅಲ್ಲಿಗೇ ನಿಲ್ಲಿಸುವುದು ಜಾಣತನ. ಸಿಹಿನೀರಿನ ತೊಟ್ಟಿಯೇನೂ ಕೀಳಲ್ಲ.

ಲೆಕ್ಕ ಕೂಡಿತೆನ್ನಿ. ಹಳೆಯ ಗಾಜಿನ ತೊಟ್ಟಿ, ಏರ್ ಪಂಪು, ಸ್ಪಂಜ್ ಫಿಲ್ಟರ್, ಸಾಧಾರಣ ದೀಪ, ಇವೆಲ್ಲ ಹಾಗೆಯೇ ಒದಗುತ್ತವೆ. ನೀರಿನ ಗಿಡಗಳು ಉಳಿಯವು. ಬಣ್ಣದ ಕಲ್ಲುಗಳನ್ನು ತೆಗೆದು, ಚೆನ್ನಾಗಿ ತೊಳೆದ ಮರಳನ್ನೂ ಕಪ್ಪೆಚಿಪ್ಪಿನ ಚೂರುಗಳನ್ನೂ ಹಾಸಿ. ಹಿಂದೆ ಸುಣ್ಣ ಸುಡಲು ಬಳಸುತ್ತಿದ್ದ ಚಿಪ್ಪುಗಳೇ ಇವು. ನೀರು ಆಮ್ಲದ ಕಡೆಗೆ ವಾಲದಂತೆ ನೆರವಾಗುತ್ತವೆ. ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ದೂರವಿಡಿ. ತಾಮ್ರವು ಸಿಗಡಿ, ಶಂಖದ ಹುಳು ಮುಂತಾದ ಕಡಲ ಜೀವಿಗಳಿಗೆ ವಿಷ. ಪ್ಲಾಸ್ಟಿಕ್ ಬಕೆಟ್ಟೇ ಒಳ್ಳೆಯದು. ನೀರಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ತಂದರೆ ಸಾಕು.

ಹೊಸದಾಗಿ ಕೊಳ್ಳಲೇಬೇಕಾದುವು ಎರಡು: ಒಂದು ಹೈಡ್ರೋಮೀಟರ್, ಇನ್ನೊಂದು ಅಮೋನಿಯ ಮತ್ತು ನೈಟ್ರೈಟ್‌ಗಳನ್ನು ತೋರಿಸುವ ಪರೀಕ್ಷಾ ಸಾಮಗ್ರಿ. ಹೈಡ್ರೋಮೀಟರು ಹಾಲನ್ನು ಪರೀಕ್ಷಿಸುವ ಲ್ಯಾಕ್ಟೋಮೀಟರಿನ ಒಡಹುಟ್ಟು. ಅದು 1.023ರಿಂದ 1.026ರ ನಡುವೆ ನಿಂತರೆ ಉಪ್ಪು ಸರಿಯಾಗಿದೆಯೆಂದು ತಿಳಿಯಿರಿ.

ಇನ್ನು ತಾಳ್ಮೆಯ ಪರೀಕ್ಷೆ. ಮೀನಿನ ಮಲದಿಂದ, ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಕೆಲವು ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಮತ್ತೆ ಕೆಲವು ಅದನ್ನು ಹೆಚ್ಚು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸಿಹಿನೀರಿಗೆ ಒಗ್ಗಿದ ಹಳೆಯ ಫಿಲ್ಟರಿನ ಬ್ಯಾಕ್ಟೀರಿಯಾ ಹಠಾತ್ತಾಗಿ ಉಪ್ಪುನೀರು ಬಂದರೆ ಬಹುಪಾಲು ಸೋತುಹೋಗುತ್ತವೆ. ಹೊಸ ಸಂತಾನ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯಬಹುದು, ಕೆಲವೊಮ್ಮೆ ಹೆಚ್ಚೂ ಆಗಬಹುದು. ಅಷ್ಟು ದಿನವೂ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ, ಪಂಪು ನಡೆಸುತ್ತಿರಿ. ಅಮೋನಿಯ, ನೈಟ್ರೈಟ್‌ಗಳೆರಡೂ ಏರಿ, ಬಳಿಕ ಸೊನ್ನೆಗಿಳಿದ ಮೇಲೆಯೇ ಮೀನು. ಬರಿಯ ನೀರನ್ನು ನೋಡುತ್ತ ಕೂರಲು ಮನೆಯ ಮಕ್ಕಳು ಒಪ್ಪುವುದಿಲ್ಲ, ಬಲ್ಲೆ. ಆದರೆ ಮೀನು ಸತ್ತರೆ ಹೋಗುವುದು ಹಣವೊಂದೇ ಅಲ್ಲ. ಆ ಮಕ್ಕಳ ಉತ್ಸಾಹವೂ ಹೋಗುತ್ತದೆ.

ಯಾವ ಮೀನು? ಬಡವರ ಬಂಧು ಕಪ್ಪು ಮಾಲಿ. ಸಿಹಿನೀರಿನ ಅಂಗಡಿಯಲ್ಲಿಯೇ ಅಗ್ಗವಾಗಿ ಸಿಗುವ ಈ ಮೀನು ಉಪ್ಪುನೀರಿಗೂ ಹೊಂದಿಕೊಳ್ಳಬಲ್ಲದು. ಬೇರೆ ಬಕೆಟ್ಟಿನಲ್ಲಿಟ್ಟು, ಗಾಳಿ ಕೊಡುತ್ತ, ಏಳೆಂಟು ದಿನಗಳಲ್ಲಿ ದಿನದಿನಕ್ಕೆ ಉಪ್ಪುನೀರನ್ನು ಹೆಚ್ಚಿಸಿ ಒಗ್ಗಿಸಬೇಕು. ಮೂರು ನಾಲ್ಕು ಮಾಲಿಗಳು ಕೆಲವು ತಿಂಗಳು ಆರೋಗ್ಯವಾಗಿದ್ದರೆ ನಿಮ್ಮ ಕೈ ಪಳಗಿತೆಂದು ಅರ್ಥ. ಆಗ ಬೇಕಿದ್ದರೆ ಕಿತ್ತಳೆ ಮೈಗೆ ಬಿಳಿಯ ಪಟ್ಟೆಯುಳ್ಳ ಕ್ಲೌನ್ ಮೀನಿನ ಆಸೆಪಡಬಹುದು. ಅದಕ್ಕೆ ತುಸು ದೊಡ್ಡ ತೊಟ್ಟಿಯಾದರೆ ಲೇಸು. ಇದನ್ನು ಮರಿ ಮಾಡಿಸಿ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ. ಕಡಲಿನಿಂದ ಹಿಡಿದುದನ್ನು ಬಿಟ್ಟು, ಹೀಗೆ ಸಾಕಿದ ಮೀನನ್ನೇ ಕೇಳಿ ಪಡೆಯಿರಿ. ಹವಳದ ಗೊಡವೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ 2001ರಲ್ಲಿ ನಮ್ಮ ಕಡಲಿನ ಹವಳಗಳಿಗೂ ಕಡಲ್ಗುದುರೆಗಳಿಗೂ ದೊರೆತಿದೆ. ತೀರದಲ್ಲಿ ಬಿದ್ದ ಹವಳದ ತುಂಡನ್ನು ಕೂಡ ಹೆಕ್ಕಿ ತರಬಾರದು.

ನಿತ್ಯದ ಕೆಲಸ ಸುಲಭ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗದು. ಗಾಜಿನ ಹೊರಗೆ ಒಂದು ಗೆರೆ ಹಾಕಿಟ್ಟು, ಇಳಿದಷ್ಟು ಬರಿಯ ಸಿಹಿನೀರನ್ನು ತುಂಬಿ. ಉಪ್ಪುನೀರು ತುಂಬಿದರೆ ದಿನೇ ದಿನೇ ಲವಣ ಏರುತ್ತದೆ. ಉಪ್ಪುನೀರಿನಲ್ಲಿ ಪ್ರಾಣವಾಯು ಕರಗುವುದು ಸಿಹಿನೀರಿನಲ್ಲಿಗಿಂತ ಕಡಮೆ. ಆದುದರಿಂದ ಮೀನುಗಳನ್ನು ಕಿಕ್ಕಿರಿಸಬಾರದು, ವಿದ್ಯುತ್ತು ಹೋದಾಗ ನಡೆಸಲು ಬ್ಯಾಟರಿಯ ಪುಟ್ಟ ಪಂಪೊಂದು ಮನೆಯಲ್ಲಿರಬೇಕು. ವಾರದ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಕಲಸಿ, ಗಾಳಿಯಾಡಿಸಿ ಇಟ್ಟಿರಬೇಕು.

ದುಬಾರಿಯ ಯಂತ್ರಗಳಿಲ್ಲದೆ ಇಷ್ಟು ಸಾಧ್ಯ. ಯಂತ್ರ ಮಾಡುವ ಬಹಳಷ್ಟು ಕೆಲಸವನ್ನು ವಾರಕ್ಕೊಂದು ಗಂಟೆಯ ನಮ್ಮ ಶ್ರಮ ಮಾಡಬಲ್ಲದು. ಆ ಗಂಟೆಯನ್ನು ತಪ್ಪದೆ ಕೊಡಬಲ್ಲೆವೆ ಎಂದು ಮನೆಯವರೆಲ್ಲ ಕುಳಿತು ಯೋಚಿಸಿ. ಕೊಡಬಲ್ಲಿರಾದರೆ ಧೈರ್ಯವಾಗಿ ಮೊದಲ ಪೊಟ್ಟಣವನ್ನು ತನ್ನಿ.