ಮನೋರೋಗಗಳ ಲಕ್ಷಣ ಮತ್ತು ನಿದಾನ: ಮನೆಯವರೂ ಶಾಲೆಯವರೂ ಅರಿಯಬೇಕಾದುದು

(ಮಡ್ಕಯಿ ಹಾಗೂ ಸುತ್ತಲಿನ ಊರುಗಳಲ್ಲಿ ನೆಲೆಸಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕೂಟದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಊರು ಬಿಟ್ಟು ಬಂದು ಈ ಮಡ್ಕಯಿಯ ಕಾರ್ಖಾನೆಗಳಲ್ಲಿ, ಪೋಂಡಾದ ಅಂಗಡಿಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುತ್ತಿರುವ ನೀವು ಶಾಲೆಯ ನೂರನೆಯ ವರ್ಷವನ್ನು ಮರೆಯದೆ ನಮ್ಮನ್ನು ಇಲ್ಲಿಗೆ ಕರೆಸಿಕೊಂಡಿರಿ. ಶಾಲೆಯ ಇತಿಹಾಸವನ್ನು ಹೇಳಬೇಕೆಂಬುದು ಹಲವರ ಅಪೇಕ್ಷೆಯಾಗಿತ್ತು. ಅದು ಸಂಚಿಕೆಯಲ್ಲಿ ಹೇಗೂ ಅಚ್ಚಾಗಲಿದೆ. ಇಲ್ಲಿಯೇ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೇರೊಂದು ವಿಷಯವನ್ನು ಕುರಿತು ಮಾತನಾಡಿರೆಂದು ಕೇಳಿಕೊಂಡಳು. ಅವಳ ಒಪ್ಪಿಗೆಯಿಂದ, ಅವಳ ಅಣ್ಣನ ಒಪ್ಪಿಗೆಯಿಂದಲೂ, ಹೆಸರು ಹೇಳದೆ ಆ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಸಂಚಿಕೆಗಾಗಿ ಹಳೆಯ ದಾಖಲೆಗಳನ್ನು ತೆಗೆದು ನೋಡುತ್ತಿದ್ದಾಗ ಒಂಬತ್ತನೆಯ ತರಗತಿಯ ಒಂದು ಅಂಕವಹಿ ಕೈಗೆ ಬಂತು. ಅದರ ಷರಾ ಕಾಲಮಿನಲ್ಲಿ ಒಬ್ಬ ಹುಡುಗನ ಹೆಸರಿನೆದುರು ಹೀಗಿತ್ತು: “ಅಲಕ್ಷ್ಯ. ಉಡಾಫೆ. ಪಾಲಕರಿಗೆ ತಿಳಿಸಲಾಗಿದೆ.” ಅಕ್ಷರ ನಮ್ಮದೇ. ಆಗ ನಾವು ಆ ವರ್ಗದ ಶಿಕ್ಷಕಿಯಾಗಿದ್ದೆವು.

ಹಿಂದಿನ ವರ್ಷ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗ ಅವನು. ದಸರೆಯ ರಜೆ ಮುಗಿದು ಬಂದವನು ಮೊದಲಿನಂತಿರಲಿಲ್ಲ. ಸ್ನಾನ ಬಿಟ್ಟಿದ್ದ, ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂರುತ್ತಿದ್ದ, ತುಟಿ ಅಲುಗುತ್ತಿತ್ತು. ಬರೆಯುತ್ತಿದ್ದ ಸಾಲನ್ನು ನಡುವೆಯೇ ನಿಲ್ಲಿಸಿ ಕಿವಿಗೊಟ್ಟು ಏನನ್ನೋ ಆಲಿಸುವಂತೆ ಕೂತುಬಿಡುತ್ತಿದ್ದ. ನೀರಿನ ಬಾಟಲಿಯಲ್ಲಿ ಯಾರೋ ಏನೋ ಬೆರೆಸುತ್ತಾರೆಂದು ಗೆಳೆಯರೊಡನೆ ಜಗಳವಾಡಿದ. ನಾವು ಅವನನ್ನು ವರ್ಗದ ಹೊರಗೆ ನಿಲ್ಲಿಸಿದೆವು. ಒಂದು ದಿನ ಅವನ ತಾಯಿ ಬಂದು, “ಅಕ್ಕೋರ, ನಮ್ಮ ಹುಡುಗ ರಾತ್ರಿ ನಿದ್ದಿ ಮಾಡೂದಿಲ್ರೀ, ಒಬ್ಬಾವನ ಮಾತಾಡ್ತಾನ್ರೀ” ಎಂದರು. ಓದಿನ ಹೆದರಿಕೆ ಇರಬೇಕು, ಸರಿಹೋಗುತ್ತದೆ ಎಂದು ಹೇಳಿ ಕಳಿಸಿದೆವು. ಮುಂದೆ ಅವನು ಶಾಲೆಗೆ ಬರಲಿಲ್ಲ. ನಿಯಮದಂತೆ ಹಾಜರಿಯಿಂದ ಹೆಸರು ತೆಗೆದೆವು. ಚಿತ್ತವಿಕಲತೆ, ಅಂದರೆ ಸ್ಕಿಜೋಫ್ರೀನಿಯ, ಎಂಬ ರೋಗವೆಂದು ವೈದ್ಯರಿಂದ ತಿಳಿದದ್ದು ಮೂರು ವರ್ಷಗಳ ಮೇಲೆ.

ಮೂರು ವರ್ಷ ಏಕಾಯಿತೆಂಬುದೇ ಇಂದಿನ ನಮ್ಮ ಮಾತಿನ ವಿಷಯ.

ಮನಸ್ಸಿಗೆ ಬೇಸರ, ಭಯ, ದುಃಖ ಬರುವುದು ರೋಗವಲ್ಲ. ಮನೆಯಲ್ಲಿ ಸಾವಾದರೆ ಅಳಬೇಕು, ಅಳದಿದ್ದರೇ ಚಿಂತೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದ ಹುಡುಗಿಯನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯಬೇಕಾಗಿಲ್ಲ. ಹಾಗಾದರೆ ಗೆರೆ ಎಲ್ಲಿ? ವೈದ್ಯರು ಮುಖ್ಯವಾಗಿ ಮೂರು ಮಾತನ್ನು ನೋಡುತ್ತಾರೆ: ಮನುಷ್ಯ ಮೊದಲಿದ್ದ ರೀತಿಗಿಂತ ಬದಲಾಗಿದ್ದಾನೆಯೇ, ಆ ಬದಲಾವಣೆ ಎಷ್ಟು ದಿನದಿಂದ ನಿಂತಿದೆ, ಅದರಿಂದ ಊಟ, ನಿದ್ರೆ, ಕೆಲಸ, ಓದು, ಸಂಬಂಧ ಇವು ಕೆಟ್ಟಿವೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗ ವರ್ಗೀಕರಣದಂತೆ ಖಿನ್ನತೆ ಎನ್ನಬೇಕಾದರೆ ಹತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಇರಬೇಕು. ಆ ಐದರಲ್ಲಿ ಕುಗ್ಗಿದ ಮನಸ್ಸು ಇಲ್ಲವೇ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ಇರಲೇಬೇಕು. ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರವಾದರೂ ಅವು ನಿಂತಿರಬೇಕು. ಚಿತ್ತವಿಕಲತೆಗೆ ಒಂದು ತಿಂಗಳ ಅವಧಿ ಹೇಳಿದ್ದಾರೆ. ಆ ಹುಡುಗನನ್ನು ನಾವು ಕಣ್ಣೆದುರಿಗೆ ಎರಡು ತಿಂಗಳು ನೋಡಿದ್ದೆವು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ನೂರು ವಯಸ್ಕರಲ್ಲಿ ಸುಮಾರು 10.6 ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಇತ್ತು. ಅವರಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ರೋಗಕ್ಕೆ ತಕ್ಕಂತೆ ನೂರಕ್ಕೆ 70ರಿಂದ 92. ಈ ಸಭೆಯಲ್ಲಿ ಕೂತಿರುವ ನಮ್ಮ ನಡುವೆಯೂ ಆ ಲೆಕ್ಕ ಹೊರಗಿನದಲ್ಲ.

ಲಕ್ಷಣಗಳ ಮಾತಿಗೆ ಬರೋಣ. ಮನಸ್ಸಿನ ಕಾಯಿಲೆ ಎಂದೊಡನೆ ಬೀದಿಯಲ್ಲಿ ಬಟ್ಟೆ ಹರಿದುಕೊಂಡು ತಿರುಗುವವರ ಚಿತ್ರವೇ ನಮ್ಮ ಕಣ್ಣಿಗೆ ಬರುತ್ತದೆ. ಆದರೆ ಹೆಚ್ಚಿನವರ ಕಾಯಿಲೆ ಸದ್ದಿಲ್ಲದ್ದು. ಅದು ಮೈಯ ಭಾಷೆಯಲ್ಲಿ ಮಾತಾಡುತ್ತದೆ. ತಲೆಭಾರ, ಎದೆ ಡವಡವ, ಹೊಟ್ಟೆಯುರಿ, ಮೈ ಜುಮ್ಮೆನ್ನುವುದು, “ಶಕ್ತೀನ ಇಲ್ಲ.” ಇದಕ್ಕೆ ಈ ಗೋವೆಯಲ್ಲಿಯೇ ನಡೆದ ಅಧ್ಯಯನವೊಂದರ ಆಧಾರವಿದೆ. ಸುಮಾರು 2,500 ಹೆಂಗಸರನ್ನು ಮಾತನಾಡಿಸಿ, ಅವರ ರಕ್ತವನ್ನೂ ಪರೀಕ್ಷಿಸಿ ಮಾಡಿದ ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 12 ಮಂದಿ ಬಹುಕಾಲದ ಸುಸ್ತನ್ನು ಹೇಳಿಕೊಂಡಿದ್ದರು. ಎಲ್ಲರೂ ರಕ್ತಹೀನತೆಯೆಂದೇ ಊಹಿಸುವಂಥ ಈ ಸುಸ್ತಿಗೆ ಹಿಮೋಗ್ಲೋಬಿನ್ ಪ್ರಮಾಣದೊಂದಿಗೆ ನಂಟು ಕಾಣಲಿಲ್ಲ; ಸಾಲ, ಹಸಿವು, ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸಿನ ಅಸ್ವಾಸ್ಥ್ಯದೊಂದಿಗೆ ನಂಟು ಕಂಡಿತು. ಟಾನಿಕ್ಕಿನ ಸೀಸೆಗಳು ಸಾಲಾಗಿ ಖಾಲಿಯಾದರೂ ಸುಸ್ತು ಇಳಿಯದ ತಾಯಂದಿರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ರಕ್ತ ಪರೀಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಸರಿಯಿದ್ದಾಗ ಅಲ್ಲಿಗೇ ನಿಲ್ಲಬಾರದು.

ಮಕ್ಕಳಲ್ಲಿ ಖಿನ್ನತೆ ಅಳುವಾಗಿ ಬರುವುದು ಕಡಿಮೆ, ಸಿಡುಕಾಗಿ ಬರುವುದು ಹೆಚ್ಚು. ಶಾಲೆಯ ಹೊತ್ತಿಗೆ ಸರಿಯಾಗಿ ಬಂದು ಭಾನುವಾರ ಬಾರದ ಹೊಟ್ಟೆನೋವು ಆತಂಕದ ಗುರುತಾಗಿರಬಹುದು. ಕೈ ತೊಳೆದದ್ದನ್ನೇ ತೊಳೆಯುವುದು, ಬಾಗಿಲು ಹಾಕಿದೆಯೇ ಎಂದು ಹತ್ತು ಬಾರಿ ಎದ್ದು ನೋಡುವುದು ಗೀಳಿನ ಗುರುತು. ಅದು ಹಟವಲ್ಲ, ನಿಲ್ಲಿಸಬೇಕೆಂದರೂ ಅವರಿಗೆ ನಿಲ್ಲಿಸಲಾಗುವುದಿಲ್ಲ. ಹೆರಿಗೆಯಾದ ಮೇಲೆ ಬಾಣಂತಿ ನಿದ್ರೆಗೆಟ್ಟು ಅಸಂಬದ್ಧ ಮಾತಾಡಿದರೆ, ಮಗುವನ್ನು ಕಂಡರೆ ಹೆದರಿದರೆ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಯುವ ಮಾತನ್ನು ಯಾರಾದರೂ ಆಡಿದರೆ “ಹಾಗೆಲ್ಲ ಅನ್ನಬಾರದು” ಎಂದು ಬಾಯಿ ಮುಚ್ಚಿಸದೆ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂಥವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಬೇಕು.

ಇನ್ನು ನಿದಾನ. ಎಕ್ಸ್‌ರೇ ತೆಗೆಸಿ ಮುರಿದ ಎಲುಬನ್ನು ನೋಡಿದಂತೆ ಖಿನ್ನತೆಯನ್ನು ನೋಡಲಾಗದು. ಸ್ಕ್ಯಾನಿನಲ್ಲಿ ಚಿತ್ತವಿಕಲತೆ ಕಾಣುವುದಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನುಗಳನ್ನು ವೈದ್ಯರು ಮಾಡಿಸುವುದು ಬೇರೆ ಕಾರಣಕ್ಕೆ: ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ವದ ಕೊರತೆ, ಮೂರ್ಛೆರೋಗ, ಮಿದುಳಿನ ಸೋಂಕು, ಮದ್ಯ ಮುಂತಾದವು ಇಂಥವೇ ಲಕ್ಷಣಗಳನ್ನು ತೋರಬಲ್ಲವಾದ್ದರಿಂದ ಅವನ್ನು ಮೊದಲು ಬದಿಗಿರಿಸಲು. ಆಮೇಲೆ ಉಳಿಯುವುದು ಮಾತು. ರೋಗಿಯೊಡನೆ ಬೇರೆಯಾಗಿ, ಮನೆಯವರೊಡನೆ ಬೇರೆಯಾಗಿ ಮಾತಾಡುತ್ತಾರೆ. ಯಾವಾಗ ಶುರುವಾಯಿತು, ಮೊದಲು ಕಂಡದ್ದೇನು, ನಿದ್ರೆ ಹೇಗಿದೆ, ಮನೆತನದಲ್ಲಿ ಯಾರಿಗಾದರೂ ಇತ್ತೇ. ಆತ ಉಟ್ಟ ರೀತಿ, ಕೂತ ರೀತಿ, ಮಾತಿನ ಓಟ, ಮುಖದ ಭಾವ, ಇಲ್ಲದ ದನಿ ಕೇಳುತ್ತದೆಯೇ, ಇಂದು ಯಾವ ವಾರವೆಂಬ ಅರಿವಿದೆಯೇ, ತನಗೆ ತೊಂದರೆಯಿದೆಯೆಂದು ತಾನೇ ಒಪ್ಪುತ್ತಾನೆಯೇ, ಇವೆಲ್ಲವನ್ನೂ ಗಮನಿಸಿ ಬರೆದುಕೊಳ್ಳುತ್ತಾರೆ. ಒಂದೇ ಭೇಟಿಯಲ್ಲಿ ಹೆಸರು ಹೇಳದೆ ಮತ್ತೆ ಬನ್ನಿರೆನ್ನುವ ವೈದ್ಯರನ್ನು ಕಂಡು ಬೇಸರಪಡಬಾರದು. ಕಾಲವೂ ಇಲ್ಲಿ ಒಂದು ಪರೀಕ್ಷೆ.

ಅಂದಮೇಲೆ ನಿದಾನದ ಅರ್ಧ ಭಾಗ ವೈದ್ಯರ ಕೈಯಲ್ಲಿದ್ದರೆ ಇನ್ನರ್ಧ ನಮ್ಮ ಬಾಯಲ್ಲಿದೆ. ಆ ಹುಡುಗನನ್ನು ಕೊನೆಗೆ ಆಸ್ಪತ್ರೆಗೆ ಒಯ್ದಾಗ ಎಷ್ಟು ದಿನದಿಂದ ಹೀಗೆ ಎಂದು ವೈದ್ಯರು ಕೇಳಿದರಂತೆ. ತಂದೆ “ಎರಡು ತಿಂಗಳಾತ್ರಿ” ಎಂದರಂತೆ. ತಂಗಿಯ ಮದುವೆಯ ಮಾತು ನಡೆದಿತ್ತು, ಸುದ್ದಿ ಹಬ್ಬಬಾರದೆಂಬ ಅಂಜಿಕೆ. ಮನೆತನದಲ್ಲಿ ಯಾರಿಗೂ ಇಲ್ಲವೆಂದೂ ಹೇಳಿದರು. ಸೋದರತ್ತೆಯೊಬ್ಬರು ಹಾಗೆಯೇ ಇದ್ದು ತೀರಿಕೊಂಡಿದ್ದರು. ಈ ಸಂಗತಿಗಳು ತಿಳಿದ ಮೇಲೆಯೇ ಔಷಧ ಸರಿಯಾಗಿ ಕುದುರಿತೆಂದು ತಂಗಿ ಹೇಳುತ್ತಾಳೆ. ಆ ತಂದೆಯನ್ನು ದೂರಲು ನಮಗೆ ಬಾಯಿಲ್ಲ. ಅವರು ಮುಚ್ಚಿಟ್ಟರು, ನಾವು ನೋಡಿದ್ದನ್ನು ತಪ್ಪಾಗಿ ಬರೆದಿಟ್ಟೆವು. “ಉಡಾಫೆ” ಎಂಬುದು ನಮ್ಮ ತೀರ್ಪು. “ಬರೆಯುತ್ತಿದ್ದವನು ನಿಲ್ಲಿಸಿ ಏನನ್ನೋ ಆಲಿಸುತ್ತಾನೆ” ಎಂದು ಕಂಡದ್ದನ್ನೇ ಬರೆದಿದ್ದರೆ ಆ ಒಂದು ಸಾಲು ಯಾವ ವೈದ್ಯರಿಗೂ ಸಾಕಾಗುತ್ತಿತ್ತು. ನಮ್ಮ ಶಿಕ್ಷಕ ಬಂಧುಗಳಲ್ಲಿ ಇದೊಂದೇ ವಿನಂತಿ: ಷರಾ ಕಾಲಮಿನಲ್ಲಿ ಕಂಡದ್ದನ್ನು ಬರೆಯಿರಿ.

ಊರಿನಲ್ಲಿರುವವರಿಗಿಲ್ಲದ ಇನ್ನೊಂದು ಕಷ್ಟ ನಿಮಗಿದೆ. ಮಾತಿನಿಂದಲೇ ನಿದಾನವಾಗಬೇಕಾದ ಕಾಯಿಲೆಯನ್ನು ನೀವು ಕೊಂಕಣಿಯಲ್ಲೋ ಹಿಂದಿಯಲ್ಲೋ ಹೇಳಬೇಕು. ಸಂತೆಗೆ, ಕೆಲಸಕ್ಕೆ ಸಾಕಾಗುವ ಹಿಂದಿ ಎದೆಯೊಳಗಿನ ಕಳವಳಕ್ಕೆ ಸಾಲದು. “ಮನಸ್ಸಿಗೆ ಮಂಕು ಕವಿದಂಗ ಆಗೇತಿ” ಎಂಬುದನ್ನು “ತಬಿಯತ್ ಠೀಕ್ ನಹೀ” ಎಂದುಬಿಟ್ಟರೆ ವೈದ್ಯರು ಏನನ್ನು ಹಿಡಿಯಬೇಕು? ಆದ್ದರಿಂದ ಹೋಗುವ ಮುನ್ನ ಕನ್ನಡದಲ್ಲಿಯೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ: ಯಾವ ತಿಂಗಳಿನಿಂದ, ಮೊದಲು ಕಂಡದ್ದೇನು, ರಾತ್ರಿ ಎಷ್ಟು ತಾಸು ನಿದ್ರೆ, ಯಾವ ಗುಳಿಗೆ ನುಂಗುತ್ತಿದ್ದಾರೆ, ಕುಡಿತವುಂಟೇ. ಎರಡೂ ಭಾಷೆ ಚೆನ್ನಾಗಿ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಶಾಲೆಗೆ ಹೋಗುವ ಮಗುವನ್ನೇ ದುಭಾಷಿಯಾಗಿ ಕೂರಿಸಬೇಡಿರಿ. ತಾಯಿಯ ಸಂಕಟವನ್ನು ಮಗುವಿನ ಬಾಯಿಂದ ಹೇಳಿಸುವುದು ಇಬ್ಬರಿಗೂ ಭಾರ. ಬಾಂಬೋಳಿಯಲ್ಲಿ ಗೋವೆ ಸರಕಾರದ ಮನೋವೈದ್ಯಕೀಯ ಸಂಸ್ಥೆಯಿದೆ. ಊರಿಗೆ ಹೋದಾಗ ಧಾರವಾಡದ ಡಿಮ್ಹಾನ್ಸ್ ಇದೆ. 1845ರಲ್ಲಿ ಆರಂಭವಾದ ಆಸ್ಪತ್ರೆಯದು. 2022ರ ಅಕ್ಟೋಬರಿನಿಂದ ಕೇಂದ್ರ ಸರಕಾರ ನಡೆಸುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಮಾತಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೂ ಸೇವೆಯುಂಟು.

ದೊಡ್ಡ ವೈದ್ಯರೇ ಬೇಕೆಂದೂ ಇಲ್ಲ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋರೋಗಗಳನ್ನು ಗುರುತಿಸುವುದನ್ನು ಕಲಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಗೋವೆಯಲ್ಲಿ 1996ರಲ್ಲಿ ಹುಟ್ಟಿದ ಸಂಗಾತ್ ಸಂಸ್ಥೆ, ಮನೋವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು 24 ಚಿಕಿತ್ಸಾಲಯಗಳಲ್ಲಿ ಪ್ರಯೋಗ ನಡೆಸಿತು. ಬಂದವರಿಗೆ ಒಂದು ಕಿರು ಪ್ರಶ್ನಾವಳಿ, ಆಮೇಲೆ ಅವರ ಭಾಷೆ ಬಲ್ಲ ಸಲಹೆಗಾರರೊಡನೆ ಮಾತು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ, ಆತಂಕಗಳಿಂದ ಗುಣವಾದವರ ಸಂಖ್ಯೆ ಇದರಿಂದ ಹೆಚ್ಚಿತೆಂದು 2010ರಲ್ಲಿ ಫಲಿತಾಂಶ ಪ್ರಕಟವಾಯಿತು.

ಇನ್ನು ದೈವದ ಮಾತು. ಮಡ್ಕಯಿಯ ನವದುರ್ಗೆಯ ಸನ್ನಿಧಿಯಿರುವ ಊರಿನಲ್ಲಿ ನಿಂತು, ಎಲ್ಲಮ್ಮನ ಗುಡ್ಡದ ಸೀಮೆಯಿಂದ ಬಂದವರ ಮುಂದೆ, ದೇವರಿಗೆ ಹರಕೆ ಹೊರಬೇಡಿರೆಂದು ನಾವು ಹೇಳಲಾರೆವು. ಹಬ್ಬದ ದಿನ ಮೈಮೇಲೆ ದೇವರು ಬಂದು ಆರತಿಯಾದೊಡನೆ ಇಳಿದು ಮರುದಿನ ಹೊಲಕ್ಕೆ ಹೋಗುವವರನ್ನು ವೈದ್ಯಶಾಸ್ತ್ರವೂ ರೋಗಿಯೆನ್ನುವುದಿಲ್ಲ. ಸಮುದಾಯ ಒಪ್ಪಿದ ಆಚರಣೆಯನ್ನು ಅದು ಹೊರಗಿಟ್ಟಿದೆ. ಆದರೆ ಬೇಡದ ಹೊತ್ತಿನಲ್ಲಿ ಬಂದು, ಬಿಡದೆ ಕಾಡಿ, ಬದುಕನ್ನು ಕೆಡಿಸಿದರೆ ಅದು ಬೇರೆ. ಹರಕೆಯೂ ಇರಲಿ, ಆಸ್ಪತ್ರೆಯೂ ಇರಲಿ. ಹೊಡೆತ, ಹೊಗೆ, ಸರಪಳಿ ಮಾತ್ರ ಬೇಡ. ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಪಣಜಿಯಲ್ಲಿ ಹಳೆಯ ಸಚಿವಾಲಯದ ಪಕ್ಕ, ಬೀಳುತ್ತಿರುವ ಹೆಂಗಸಿನ ಮೇಲೆ ಕೈಚಾಚಿ ನಿಂತ ಪಾದ್ರಿಯೊಬ್ಬರ ಪ್ರತಿಮೆಯನ್ನು ನೀವೆಲ್ಲ ನೋಡಿರಬಹುದು. ಪ್ರವಾಸಕ್ಕೆ ಕರೆತಂದಾಗ ನಮ್ಮ ಮಕ್ಕಳು ದೆವ್ವ ಬಿಡಿಸುವವರೆಂದೇ ತಿಳಿದಿದ್ದರು. ಅವರು 1756ರಲ್ಲಿ ಈ ಗೋವೆಯ ಕಾಂದೋಳಿಯಲ್ಲಿ ಹುಟ್ಟಿದ ಅಬ್ಬೆ ಫರಿಯಾ. ಸಮ್ಮೋಹನದ ಶಕ್ತಿ ಮಾಡುವವನ ಕೈಯಲ್ಲಿಲ್ಲ, ಒಳಗಾಗುವವನ ಮನಸ್ಸಿನಲ್ಲಿಯೇ ಇದೆಯೆಂದು ಪ್ಯಾರಿಸಿನಲ್ಲಿ ಸಾರಿದವರು. ಮಾಟವೆಂದು ಜನ ಬಗೆದದ್ದನ್ನು ಮನಸ್ಸಿನ ವ್ಯಾಪಾರವೆಂದವರ ಪ್ರತಿಮೆಯದು.

ಗುಣವಾಗಿ ಬಂದವರನ್ನು ನಾವು ನಡೆಸಿಕೊಳ್ಳುವ ಬಗೆ ರೋಗಕ್ಕಿಂತ ಕ್ರೂರವಾಗಬಹುದು. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರಿಗೆ, ಪುಟ್ಟಣ್ಣ ಕಣಗಾಲರ ಚಿತ್ರವನ್ನು ಕಂಡವರಿಗೆ ಕಾವೇರಿ ನೆನಪಿರುತ್ತಾಳೆ. ಹೆರಿಗೆಯ ತರುವಾಯ ಮನಸ್ಸು ಕದಡಿ, ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಅವಳ ಪ್ರತಿಯೊಂದು ಮಾತನ್ನೂ ನಗೆಯನ್ನೂ ಹುಚ್ಚಿನ ಕಣ್ಣಿನಿಂದಲೇ ನೋಡಿದವರು ಮನೆಯವರು. ಹಿಂದೆ ಚಿಕಿತ್ಸೆ ಪಡೆದಿದ್ದರೆಂಬ ಒಂದೇ ಕಾರಣದಿಂದ ಒಬ್ಬರನ್ನು ಈಗಲೂ ಮನೋರೋಗಿ ಎನ್ನುವಂತಿಲ್ಲವೆಂದು ಅದೇ 2017ರ ಕಾಯ್ದೆ ಹೇಳುತ್ತದೆ. ಕಾದಂಬರಿ ಅದಕ್ಕಿಂತ ಎಷ್ಟೋ ಮೊದಲು ಬಂದಿತ್ತು.

ಆ ಹುಡುಗನಿಗೀಗ ನಲವತ್ತರ ಹತ್ತಿರ. ಔಷಧ ನಡೆದಿದೆ. ನಡುವೆ ಎರಡು ಬಾರಿ, ಗುಣವಾಯಿತೆಂದು ತಾನೇ ಬಿಟ್ಟು, ಮತ್ತೆ ಆಸ್ಪತ್ರೆ ಸೇರಿದ್ದುಂಟು. ಊರಿನಲ್ಲಿ ಅಣ್ಣತಮ್ಮಂದಿರ ಹಿಟ್ಟಿನ ಗಿರಣಿಯ ಲೆಕ್ಕವನ್ನು ಅವನೇ ಬರೆಯುತ್ತಾನೆ; ಗಣಿತ ಅವನನ್ನು ಬಿಟ್ಟಿಲ್ಲ. ಓದು ಮಾತ್ರ ಒಂಬತ್ತನೆಯ ತರಗತಿಗೇ ನಿಂತಿತು.

ಅಂಕವಹಿಯ ಆ ಷರಾವನ್ನು ಹೊಡೆದುಹಾಕಬಹುದೇ ಎಂದು ಅವನ ತಂಗಿ ನಮ್ಮನ್ನು ಕೇಳಿದಳು. ಶಾಲೆಯ ದಾಖಲೆಯನ್ನು ಹಾಗೆ ತಿದ್ದುವ ಅಧಿಕಾರ ನಮಗಿಲ್ಲ. ಅದಕ್ಕೇ ಈ ಭಾಷಣವನ್ನು ಶತಮಾನೋತ್ಸವ ಸಂಚಿಕೆಯಲ್ಲಿ ಸೇರಿಸಲು ಸಂಪಾದಕ ಮಂಡಳಿಯನ್ನು ಕೇಳಿಕೊಂಡಿದ್ದೇವೆ. ಅಂಕವಹಿ ಇರುವ ಕಪಾಟಿನಲ್ಲಿಯೇ ಸಂಚಿಕೆಯ ಒಂದು ಪ್ರತಿಯೂ ಇರುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿರಿ. ಎಲ್ಲರೆದುರು ಕೇಳಲು ಸಂಕೋಚವಾದವರು ಸಭೆ ಮುಗಿದ ಮೇಲೆ ಬನ್ನಿರಿ. ನಾವು ರಾತ್ರಿಯ ಬಸ್ಸಿಗೆ ಹೊರಡುವವರು, ಅಲ್ಲಿಯವರೆಗೂ ಇಲ್ಲಿಯೇ ಇರುತ್ತೇವೆ.