ದಿವಾಳಿ ಎಂದರೆ ಮಾನ ಕಳೆಯುವುದಲ್ಲ, ಲೆಕ್ಕ ಮುಗಿಸುವುದು

(ಕೆಂಗಲ್‌ನಲ್ಲಿ ರೈತರ ಮುಂದೆ ಆಡಿದ ಮಾತು)



ನಮ್ಮ ಕಡೆ 'ಅವನು ದಿವಾಳಿ ಎದ್ದ' ಅಂದರೆ ಅದು ಬೈಗುಳ. ಪೇಟೆಯ ಕಂಪನಿ ದಿವಾಳಿ ಎದ್ದರೆ ಅದಕ್ಕೆ ಕಾನೂನಿದೆ, ವಕೀಲರಿದ್ದಾರೆ, ನ್ಯಾಯಮಂಡಳಿ ಇದೆ. ನಮ್ಮವನು ಮಾತ್ರ ರಾತ್ರೋರಾತ್ರಿ ಊರು ಬಿಡ್ತಾನೆ, ಇಲ್ಲವೇ ಜೀವವನ್ನೇ ಕಳಕೊಳ್ತಾನೆ. ಈ ಹೆದರಿಕೆಯಲ್ಲಿ ಅರ್ಧ ಸಾಲದ್ದು. ಇನ್ನರ್ಧ ಕಾನೂನು ತಿಳಿಯದೆ ಇರುವುದರದ್ದು. ಆ ಎರಡನೇ ಅರ್ಧವನ್ನು ಇವತ್ತು ಇಳಿಸೋಣ.

ನನ್ನ ಷಡ್ಡಕನ ವಿಷಯ ಹೇಳ್ತೀನಿ. ಸಾಲ ಮಾಡಿ ರೇಷ್ಮೆ ಹುಳು ಸಾಕುವ ಮನೆ ಕಟ್ಟಿದ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಬಿತ್ತು, ಇವನ ಕಂತು ನಿಂತಿತು. ಸಾಲ ಕೊಟ್ಟವರ ಕಡೆಯವನೊಬ್ಬ ಬಾಗಿಲಲ್ಲಿ ನಿಂತು, 'ಮನೆ, ದನ ಎಲ್ಲ ಜಪ್ತಿ ಮಾಡಿಸ್ತೀವಿ, ಜೈಲಿಗೆ ಹಾಕಿಸ್ತೀವಿ' ಅಂದ. ಇವನು ಹೆದರಿ, ಯಾರಿಗೂ ಅಡ ಬರೆದುಕೊಡದಿದ್ದ ಜೋಡೆತ್ತನ್ನು ಇದೇ ಕೆಂಗಲ್ ಜಾತ್ರೆಗೆ ಹೊಡಕೊಂಡು ಬಂದು ಸಿಕ್ಕಿದ ಬೆಲೆಗೆ ಮಾರಿದ. ಆ ದುಡ್ಡು ಬಡ್ಡಿಗೂ ಸಾಲಲಿಲ್ಲ. ಮುಂಗಾರು ಬಂದಾಗ ಉಳುಮೆಗೆ ಮತ್ತೆ ಸಾಲ.

ಬೇಸಾಯಕ್ಕೆ ಬೇಕಾದ ಆ ಎತ್ತುಗಳನ್ನು ಕೋರ್ಟು ಜಪ್ತಿ ಮಾಡುವ ಹಾಗೇ ಇರಲಿಲ್ಲ! ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆ ಅಂತ ಒಂದು ಕಾನೂನಿದೆ, 1908ರದು. ಅದರ 60ನೇ ಕಲಮು ನೆನಪಿಟ್ಟುಕೊಳ್ಳಿ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಬೇಸಾಯದ ಮುಟ್ಟು, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ, ರೈತ ವಾಸವಿರುವ ಅವನ ಸ್ವಂತ ಮನೆ, ಇವು ಸಾಮಾನ್ಯ ಸಾಲದ ಡಿಕ್ರಿಗೆ ಜಪ್ತಿಯಾಗುವಂತಿಲ್ಲ. ಆದರೆ ನೀವೇ ಅಡಮಾನ ಬರೆದುಕೊಟ್ಟ ಆಸ್ತಿಗೆ ಈ ರಕ್ಷೆ ಸಿಗುತ್ತದೆಂದು ನಂಬಬೇಡಿ. ಆದ್ದರಿಂದ ಸಹಿ ಹಾಕುವ ಮೊದಲು ಪತ್ರ ಓದಿಸಿ ಕೇಳಿ.

ಜೈಲಿನ ಮಾತು. ಸಾಲ ತೀರಿಸಲು ಶಕ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಗೆ ಹಾಕುವಂತಿಲ್ಲ. 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ಸ್ಪಷ್ಟವಾಗಿ ತೀರ್ಮಾನಿಸಿದ್ದಾರೆ. ಇದ್ದೂ ಕೊಡದೆ ಮೋಸ ಮಾಡುವವನ ಮಾತು ಬೇರೆ.

ಜಮೀನಿನ ಮಾತು. ಕೋರ್ಟಿಗೆ ಹೋಗದೆ ಬ್ಯಾಂಕೇ ಆಸ್ತಿ ವಶಪಡಿಸಿಕೊಳ್ಳುವ 2002ರ ಸರ್ಫೇಸಿ ಕಾಯಿದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಂತ ಜಮೀನಿಗೆ ಕೈಯೇ ಹಾಕುವುದಿಲ್ಲ ಅಂತ ತಿಳಿಯಬೇಡಿ. ಬೇರೆ ಕಾನೂನುಗಳ ದಾರಿಯಲ್ಲಿ ವಸೂಲಿಗೆ ಬರಬಹುದು. ನೋಟೀಸು ಬಂದರೆ ಗೋಡೆಯ ಸಂದಿಗೆ ಸಿಕ್ಕಿಸಿ ಕೂರಬೇಡಿ, ಉತ್ತರ ಕೊಡಿ.

ಇನ್ನು ದಿವಾಳಿಯ ದಾರಿ. ವ್ಯಕ್ತಿಗಳಿಗೆ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. 500 ರೂಪಾಯಿಗೆ ಕಡಿಮೆಯಿಲ್ಲದ ಸಾಲವಿದ್ದು ತೀರಿಸಲಾಗದವನು ಕೋರ್ಟಿಗೆ ತಾನೇ ಅರ್ಜಿ ಹಾಕಿಕೊಳ್ಳಬಹುದು. ಕೋರ್ಟು ಒಪ್ಪಿ ದಿವಾಳಿ ಎಂದು ಸಾರಿದರೆ ನಿಮ್ಮ ಆಸ್ತಿ ಕೋರ್ಟಿನ ಅಥವಾ ರಿಸೀವರನ ವಶಕ್ಕೆ ಹೋಗುತ್ತದೆ. ಆಗಲೇ ಹೇಳಿದ ಎತ್ತು, ನೇಗಿಲು, ವಾಸದ ಮನೆ ಇದರಿಂದ ಹೊರಗೆ. ಜಮೀನು ಮಾತ್ರ ಒಳಗೆ. ಅದನ್ನು ಮಾರಿ ಸಾಲಗಾರರಿಗೆ ಪಾಲು ಹಂಚುತ್ತಾರೆ. ಆಮೇಲೆ ನೀವು ಋಣವಿಮೋಚನೆ ಕೇಳಬಹುದು. ಅದು ಸಿಕ್ಕರೆ ಹಳೆಯ ಸಾಲ ಮುಗಿಯಿತು. ಆದರೆ ಸರ್ಕಾರಿ ಬಾಕಿ ಮತ್ತು ಮೋಸದಿಂದ ಮಾಡಿದ ಸಾಲ ಹೋಗುವುದಿಲ್ಲ.

ಇದರಲ್ಲಿ ನಾಲ್ಕು ಮುಳ್ಳುಗಳಿವೆ. ಒಂದು, ಅಡಮಾನ ಹಿಡಿದವನ ಹಕ್ಕು ಹಾಗೇ ಉಳಿಯುತ್ತದೆ. ಎರಡು, ನಿಮಗೆ ಬಿಡುಗಡೆಯಾದರೂ ಜಾಮೀನು ನಿಂತವನಿಗೆ ಆಗುವುದಿಲ್ಲ. ನಿಮ್ಮನ್ನು ನಂಬಿ ಸಹಿ ಹಾಕಿದ ಭಾವಮೈದುನನ ಮೇಲೆ ಅದು ಬೀಳುತ್ತದೆ. ಮೂರು, ಹಿಂದಿನ ಎರಡು ವರ್ಷದಲ್ಲಿ ಹೆಂಡತಿ ಮಕ್ಕಳ ಹೆಸರಿಗೆ ಸುಮ್ಮನೆ ಬರೆದುಕೊಟ್ಟ ಜಮೀನನ್ನು ಕೋರ್ಟು ರದ್ದು ಮಾಡಬಹುದು. ನಾಲ್ಕು, ಆಸ್ತಿಯಿಂದ ರೂಪಾಯಿಗೆ ಎಂಟಾಣೆಯೂ ಹುಟ್ಟದಿದ್ದರೆ, 'ಇದು ನನ್ನ ತಪ್ಪಿನಿಂದ ಆದದ್ದಲ್ಲ' ಅಂತ ನೀವು ಕೋರ್ಟಿಗೆ ಮನವರಿಕೆ ಮಾಡಿಕೊಡಬೇಕು. ಬಾಯಿಮಾತು ಅಲ್ಲಿ ನಡೆಯುವುದಿಲ್ಲ. ಗೂಡು ಮಾರಿದ ಚೀಟಿ, ಗೊಬ್ಬರದ ಬಿಲ್ಲು, ಬೆಳೆ ಹಾನಿಯ ವರದಿ ಇಟ್ಟವನು ಗೆಲ್ಲುತ್ತಾನೆ.

ವ್ಯಾಪಾರ ಇಟ್ಟುಕೊಂಡವರೂ ಕೇಳಿ. ನೂಲು ಬಿಚ್ಚುವ ಘಟಕವೋ ಬೊಂಬೆ ಕಾರ್ಖಾನೆಯೋ ನಿಮ್ಮ ಹೆಸರಲ್ಲೇ ಇದ್ದರೆ, ಅಥವಾ ಸಾಮಾನ್ಯ ಪಾಲುದಾರಿಕೆಯಲ್ಲಿದ್ದರೆ, ಅಂಗಡಿಯ ಸಾಲ ಜಮೀನಿಗೂ ಬರುತ್ತದೆ. ಲಿಮಿಟೆಡ್ ಕಂಪನಿಯಾದರೆ ಅದು ಬೇರೆ, ನೀವು ಬೇರೆ. ಸ್ವಂತ ಜಾಮೀನು ಬರೆದುಕೊಟ್ಟರೆ ಆ ಗೋಡೆ ಬಿತ್ತು. ಕಂಪನಿಗೆ 2016ರ ದಿವಾಳಿ ಸಂಹಿತೆ ಇದೆ. ಅರ್ಜಿ ಸ್ವೀಕಾರವಾದ ಕೂಡಲೇ ವಸೂಲಿಗೆ ತಡೆ, ಪುನಶ್ಚೇತನದ ಯೋಜನೆಗೆ ಕಾಲಾವಕಾಶ. ನಿಮ್ಮ ಮಾಲು ಕೊಂಡ ಕಂಪನಿಯೇ ಮುಳುಗಿದರೆ, ಪ್ರಕಟಣೆ ಬಂದ ತಕ್ಷಣ ಬಿಲ್ಲು ಹಿಡಿದು ಹಕ್ಕು ಸಲ್ಲಿಸಿ. ಸಾಲಿನಲ್ಲಿ ನಾವು ಹಿಂದೆ ನಿಂತವರು, ತಡ ಮಾಡಿದರೆ ಅದೂ ಇಲ್ಲ.

ಅದೇ 2016ರ ಸಂಹಿತೆಯಲ್ಲಿ ಬಡವನಿಗೆ 'ಹೊಸ ಆರಂಭ' ಎಂಬ ಅಧ್ಯಾಯ ಬರೆದಿದ್ದಾರೆ. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆ ಇರಬಾರದು. ಎರಡೆಕರೆ ಜಮೀನಿದ್ದವನೂ ಇದರೊಳಗೆ ಹಿಡಿಯುವುದಿಲ್ಲ. ಅದೂ ಸಾಮಾನ್ಯ ಜನರಿಗೆ ಜಾರಿಗೆ ಬಂದಿಲ್ಲ. ವ್ಯಕ್ತಿಗಳಲ್ಲಿ 2019ರ ಡಿಸೆಂಬರ್ 1ರಿಂದ ಆ ಸಂಹಿತೆಯ ಉಳಿದ ಭಾಗ ನಡೆಯುತ್ತಿರುವುದು ಕಂಪನಿಗಳಿಗೆ ಸ್ವಂತ ಜಾಮೀನು ನಿಂತವರಿಗೆ.

ಅಮೆರಿಕದವರು 1986ರಲ್ಲಿ ಬೇಸಾಯದ ಕುಟುಂಬಗಳಿಗೆಂದೇ ತಮ್ಮ ದಿವಾಳಿ ಕಾನೂನಿಗೆ 12ನೇ ಅಧ್ಯಾಯ ಸೇರಿಸಿದರು. ರೈತ ಜಮೀನು ಉಳುತ್ತಲೇ ಇರುತ್ತಾನೆ. ಕೋರ್ಟು ಒಪ್ಪಿದ ಯೋಜನೆಯಂತೆ ಮೂರರಿಂದ ಐದು ವರ್ಷ ಆದಾಯದಿಂದ ಕಟ್ಟುತ್ತಾನೆ. ನಮ್ಮ 1920ರ ಕಾಯಿದೆ ಜಮೀನು ಮಾರಿ ಸಾಲ ಕಳೆಯುತ್ತದೆ; ಅವರದು ಜಮೀನು ಉಳಿಸಿ ಸಾಲ ಕಳೆಯಲು ನೋಡುತ್ತದೆ. ಸಾಲ ಮನ್ನಾ ಒಂದು ಸಲ ಬರುತ್ತದೆ, ಹೋಗುತ್ತದೆ. ನಾವು ಕೇಳಬೇಕಾದ್ದು ಇಂಥ ಕಾಯಂ ಕಾನೂನು.

ಅದು ಬರುವ ತನಕ ದಿವಾಳಿ ಅರ್ಜಿ ಕೊನೆಯ ಬಾಗಿಲಾಗಿರಲಿ, ಮೊದಲನೆಯದಲ್ಲ. ಮೊದಲು ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಯಾರದು, ಅಸಲೆಷ್ಟು, ಬಡ್ಡಿಯೆಷ್ಟು, ಅಡವೇನು, ಜಾಮೀನು ಯಾರು. ಕಂತು ಬದಲಾವಣೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವಿದೆ. ಲೋಕ ಅದಾಲತ್ತಿನಲ್ಲಿ ರಾಜಿಗೆ ಕೂರಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಲೇಬೇಡಿ.

ಮತ್ತೆ, ಆ ಹಾಳೆಯನ್ನು ಮನೆಯವಳಿಗೆ ತೋರಿಸಿ. ನನ್ನ ಷಡ್ಡಕ ತೋರಿಸಿರಲಿಲ್ಲ. ಎತ್ತಿನ ಕೊಟ್ಟಿಗೆ ಖಾಲಿಯಾದ ದಿನವೇ ನಮ್ಮ ನಾದಿನಿಗೆ ಸಾಲದ ವಿಷಯ ತಿಳಿದದ್ದು. ಸಾಲ ಮನೆಯದು, ಅದನ್ನು ಒಬ್ಬನೇ ಹೊರಬೇಡಿ.